ಸ್ಕ್ರೀನ್ ಪ್ರಿಂಟ್ ಪ್ರದರ್ಶನಕ್ಕೆ ಅರ್ಜಿ ಹಾಕುತ್ತಿದ್ದೇನೆ. ಜ್ಯೂರಿಯವರು ಏನು ನೋಡುತ್ತಾರೆ?

ಸುಲ್ತಾನ್‌ಪೇಟೆ ಸ್ಕ್ವೀಜಿ:

ಎಲ್ಲರಿಗೂ ನಮಸ್ಕಾರ. ಸುಲ್ತಾನ್‌ಪೇಟೆಯಲ್ಲಿ ನಮ್ಮದೊಂದು ಮದುವೆ ಕಾರ್ಡ್ ಅಂಗಡಿ ಇದೆ. ಅಪ್ಪ ಹಾಕಿದ್ದು. ಮುಂದೆ ಸ್ಯಾಂಪಲ್ ಆಲ್ಬಮ್ ಜೋಡಿಸಿದ ಕೌಂಟರ್, ಹಿಂದೆ ಎರಡು ಟೇಬಲ್, ಅಟ್ಟದ ಮೇಲೆ ಸ್ಕ್ರೀನಿಗೆ ಚಿತ್ರ ಇಳಿಸುವ ಎಕ್ಸ್‌ಪೋಸಿಂಗ್ ಲೈಟು. ಸಾದಾ ಕಾರ್ಡಿನ ಕೆಲಸವೆಲ್ಲ ಆಫ್‌ಸೆಟ್‌ಗೆ ಹೋಯಿತು. ಇನ್ನೊಂದಿಷ್ಟು ಜನ ವಾಟ್ಸಾಪ್‌ನಲ್ಲೇ ಕರೆದು ಮುಗಿಸುತ್ತಾರೆ. ಆದರೆ ದಪ್ಪ ಬೋರ್ಡು, ಕೈಕಾಗದ, ಮೆರೂನ್ ಮೇಲೆ ಗೋಲ್ಡು ಅಂದರೆ ಇವತ್ತಿಗೂ ಸ್ಕ್ರೀನೇ ಬೇಕು: ಚೌಕಟ್ಟಿಗೆ ಬಿಗಿದ ಮೆಶ್ ಬಟ್ಟೆಯ ಮೇಲೆ ಸ್ಕ್ವೀಜಿ ಅನ್ನುವ ರಬ್ಬರ್ ಪಟ್ಟಿಯಿಂದ ಇಂಕ್ ಎಳೆದು, ಸ್ಟೆನ್ಸಿಲ್ ಮುಚ್ಚದ ಜಾಗದಿಂದ ಮಾತ್ರ ಕಾಗದಕ್ಕೆ ಇಳಿಸುವುದು. ಹಾಗಾಗಿ ಅಂಗಡಿ ನಡೆಯುತ್ತಿದೆ.

ಸಂಜೆ ಶಟರ್ ಅರ್ಧ ಇಳಿಸಿದ ಮೇಲೆ ನನ್ನ ಸ್ವಂತ ಪ್ರಿಂಟ್ ಮಾಡುತ್ತೇನೆ. ಯಾವ ಕಲಾ ಶಾಲೆಗೂ ಹೋದವನಲ್ಲ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆ ಸುತ್ತುವುದು, ಎಲ್ಲಾದರೂ ಪ್ರಿಂಟ್ ನೇತು ಹಾಕಿದ್ದಾರೆ ಅಂತ ಗೊತ್ತಾದರೆ ಹೋಗಿ ಮೂಗು ತಾಗುವಷ್ಟು ಹತ್ತಿರ ನಿಂತು ನೋಡುವುದು, ಇಷ್ಟೇ ನನ್ನ ಓದು.

ಈಗ ನಮ್ಮೂರಿನ ಒಂದು ಗ್ಯಾಲರಿಯವರು ಬರೀ ಸ್ಕ್ರೀನ್ ಪ್ರಿಂಟ್‌ಗೆ ಅಂತಲೇ ಪ್ರದರ್ಶನ ಇಡುತ್ತಿದ್ದಾರೆ. ದೇಶದ ಯಾವ ಮೂಲೆಯಿಂದಾದರೂ ಕಳಿಸಬಹುದು. ಮೂವರು ಜ್ಯೂರಿ ಆಯ್ಕೆ ಮಾಡುತ್ತಾರೆ. ಕೈಯಲ್ಲಿ ಎಳೆದ ಪ್ರಿಂಟೇ ಆಗಬೇಕು, ಈಚಿನ ಎರಡು ವರ್ಷದೊಳಗಿನದಾಗಬೇಕು, ಎಡಿಷನ್ ಇರಬೇಕು, ಅಂದರೆ ಒಟ್ಟು ಇಷ್ಟೇ ಪ್ರತಿ ಅಂತ ನಂಬರ್ ಹಾಕಿರಬೇಕು. ಒಬ್ಬರು ಮೂರು ಕೃತಿ ಕಳಿಸಬಹುದು. ಮೊದಲ ಸುತ್ತು ಫೋಟೋ ನೋಡಿ. ಅದರಲ್ಲಿ ಉಳಿದವರು ಶೀಟನ್ನೇ ತಂದು ಕೊಡಬೇಕು.

ನನ್ನ ಹತ್ತಿರ ಇರುವುದು ಇವು. ಒಂದು ನಮ್ಮ ಬೀದಿ: ಪೇಪರ್ ರೀಮ್ ಹೇರಿಕೊಂಡ ತಳ್ಳುಗಾಡಿ, ಮೇಲೆ ಕರೆಂಟು ವೈರುಗಳ ಗೋಜಲು, ಒಂಬತ್ತು ಬಣ್ಣ. ಇನ್ನೊಂದು ಕೆ.ಆರ್. ಮಾರ್ಕೆಟ್ಟಿನ ಹೂವಿನ ರಾಶಿಯ ಫೋಟೋ. ಅದನ್ನು ನಾಲ್ಕು ಬಣ್ಣದ ಹಾಫ್‌ಟೋನ್, ಅಂದರೆ ಚುಕ್ಕಿಗಳಾಗಿ ಮಾಡಿ, ಮೆಜೆಂಟಾ ಬದಲಿಗೆ ಫ್ಲೋರೊಸೆಂಟ್ ಪಿಂಕ್ ಹಾಕಿದ್ದೇನೆ. ಮೂರನೆಯದು ಸ್ವಲ್ಪ ವಿಚಿತ್ರ. ಲಗ್ನಪತ್ರಿಕೆಯ ಬಾರ್ಡರುಗಳನ್ನು ಮಾತ್ರ ದೊಡ್ಡದು ಮಾಡಿ, 22 ಇಂಚು ಅಗಲ 30 ಇಂಚು ಎತ್ತರದ ಮೆರೂನ್ ಶೀಟಿನ ಮೇಲೆ ಗೋಲ್ಡ್ ಮೇಲೆ ಗೋಲ್ಡ್ ಎಳೆದಿದ್ದೇನೆ. ಗಣಪತಿ ಇಲ್ಲ, ಹೆಸರಿಲ್ಲ, ಮುಹೂರ್ತ ಇಲ್ಲ. ಮಧ್ಯೆ ಖಾಲಿ. ಅಮ್ಮ ನೋಡಿ "ಯಾರ ಮನೆ ಮದುವೆಯೋ ಇದು, ಊಟ ಎಲ್ಲಿ?" ಅಂತ ಕೇಳಿದರು.

ಯಾವುದನ್ನು ಕಳಿಸಲಿ? ಮೂರನ್ನೂ ಕಳಿಸಿದರೆ ಬೇರೆ ಬೇರೆ ಜನ ಮಾಡಿದ ಹಾಗೆ ಕಾಣುತ್ತದೆ ಅನ್ನುವ ಭಯ ಇದೆ. ನಂಬರ್ ಹಾಕುವುದು ಹೇಗೆ? ನಮ್ಮಲ್ಲಿ ನಂಬರ್ ಅಂದರೆ ಬಿಲ್ ಬುಕ್ಕಿಗೆ ಮಾತ್ರ. ಇನ್ನೊಂದು ವಿಷಯ. "ಅಂಗಡಿಯಲ್ಲಿ ಮಾಡಿದ್ದು" ಅಂತ ಅರ್ಜಿಯಲ್ಲಿ ಬರೆದರೆ ಕೀಳಾಗಿ ನೋಡುತ್ತಾರಾ?

ಬೇಸರದ ಕುಂಚ:

ಸುಮ್ನೆ ಪ್ರವೇಶ ಶುಲ್ಕ ಕಟ್ಟಬೇಡಿ ಸ್ವಾಮಿ. ಯಾರು ಆಯ್ಕೆ ಆಗಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಜ್ಯೂರಿಯ ಶಿಷ್ಯರು, ಶಿಷ್ಯರ ಗೆಳೆಯರು. ಆ ದುಡ್ಡಿಗೆ ಎರಡು ಡಬ್ಬಿ ಇಂಕ್ ಬರುತ್ತದೆ.

ಹಾಳೆ ಹುಚ್ಚಿ:

ನಿಮ್ಮ ಅಂಗಡಿಯಲ್ಲಿ ಟ್ರಯಲ್ ಹಾಳೆಗಳು ಇರುತ್ತವಲ್ಲ, ಸೆಟ್ಟಿಂಗ್ ನೋಡಲು ಒಂದೇ ಶೀಟಿನ ಮೇಲೆ ಹತ್ತು ಮದುವೆ ಪ್ರಿಂಟ್ ಆಗಿರುವುದು? ಕಲಶದ ಮೇಲೆ ಗಣಪತಿ, ಗಣಪತಿ ಮೇಲೆ ಇನ್ಯಾರದೋ ಆರತಕ್ಷತೆ? ಅದನ್ನೇ ಕಳಿಸಿ! ನನ್ನ ಪ್ರಕಾರ ನೀವು ಮಾಡಿರುವ ಮೂರಕ್ಕಿಂತ ಅದು ಚೆನ್ನಾಗಿರುತ್ತದೆ. ಬೇಜಾರು ಮಾಡ್ಕೋಬೇಡಿ.

ಮೆಶ್ಶಮ್ಮ:

ಈ ಪ್ರಶ್ನೆಗೆ ಉದ್ದ ಉತ್ತರ ಬೇಕು. ಟೀ ತಗೊಂಡು ಕೂತಿದ್ದೇನೆ.

ನಾನು ಪ್ರಿಂಟ್ ಮಾಡುತ್ತೇನೆ, ಕಲಿಸುತ್ತೇನೆ. ಇಂಥ ಪ್ರದರ್ಶನಗಳಿಂದ "ವಿಷಾದದಿಂದ ತಿಳಿಸುತ್ತೇವೆ" ಅನ್ನುವ ಕಾಗದಗಳನ್ನು ಸಾಕಷ್ಟು ತಗೊಂಡಿದ್ದೇನೆ, ಆ ಕಾಗದ ಬರೆಯುವ ಕಡೆಯೂ ಕೂತಿದ್ದೇನೆ. ಬೇಸರದ ಕುಂಚ ಅವರು ಹೇಳುವುದು ಪೂರ್ತಿ ಸುಳ್ಳಲ್ಲ. ಪರಿಚಯ ಕೆಲಸ ಮಾಡುವ ಜಾಗಗಳಿವೆ. ಆದರೆ ಮೂವರು ಜ್ಯೂರಿ ಇದ್ದರೆ ಒಬ್ಬರ ಶಿಷ್ಯನ ಮೇಲೆ ಇನ್ನಿಬ್ಬರಿಗೆ ಅಂಥ ಪ್ರೀತಿ ಏನೂ ಇರುವುದಿಲ್ಲ. ನಾನು ಕಂಡ ಹಾಗೆ ಜಾಸ್ತಿ ಕೃತಿಗಳು ಬಿದ್ದುಹೋಗುವುದು ರಾಜಕೀಯದಿಂದಲ್ಲ, ಕೆಟ್ಟ ಫೋಟೋದಿಂದ.

ಮೊದಲ ಸುತ್ತು ಹೇಗಿರುತ್ತದೆ ಹೇಳುತ್ತೇನೆ. ಒಂದು ಕೋಣೆ, ಒಂದು ಪರದೆ, ನೂರಾರು ಚಿತ್ರ. ಒಂದೊಂದಕ್ಕೆ ಕೆಲವು ಸೆಕೆಂಡು. ಬೇಕು, ಬೇಡ, ಆಮೇಲೆ ನೋಡೋಣ. ಅಷ್ಟೇ. ಈಗ ಯೋಚನೆ ಮಾಡಿ. ಪರದೆಯ ಮೇಲೆ ಸ್ಕ್ರೀನ್ ಪ್ರಿಂಟೂ ಒಂದೇ, ಇಂಕ್‌ಜೆಟ್ಟೂ ಒಂದೇ, ಟ್ಯಾಬ್ಲೆಟ್ಟಿನಲ್ಲಿ ಬಿಡಿಸಿದ್ದೂ ಒಂದೇ. ಮೂರೂ ಚಪ್ಪಟೆ. ನೀವು ಕೈನೋವು ಮಾಡಿಕೊಂಡು ಎಳೆದ ಒಂಬತ್ತು ಪದರ ಅಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಮೊದಲ ಕೆಲಸ, ಅವರಿಗೆ ಇಂಕ್ ಕಾಣುವ ಹಾಗೆ ಮಾಡುವುದು. ಒಂದು ಫೋಟೋ ಪೂರ್ತಿ ಶೀಟಿನದು. ಅಂಚು ಕತ್ತರಿಸಬೇಡಿ, ಮಾರ್ಜಿನ್ನೂ ಪೆನ್ಸಿಲ್ ಸಹಿಯೂ ಕಾಣಲಿ. ಇನ್ನೊಂದು ಹತ್ತಿರದ್ದು. ಬೆಳಗ್ಗೆ ಕಿಟಕಿ ಪಕ್ಕ ಶೀಟ್ ಇಟ್ಟು, ಬೆಳಕು ಒಂದೇ ಕಡೆಯಿಂದ ಓರೆಯಾಗಿ ಸವರಿಕೊಂಡು ಹೋಗುವ ಹಾಗೆ ಮಾಡಿ. ಆಗ ಗೋಲ್ಡ್ ಮೇಲಿನ ಗೋಲ್ಡಿನ ಅಂಚಿಗೆ ಚಿಕ್ಕ ನೆರಳು ಬೀಳುತ್ತದೆ. ಆ ನೆರಳು ಫೋಟೋದಲ್ಲಿ ಬಂದರೆ ನಿಮ್ಮ ಅರ್ಧ ಕೆಲಸ ಆಯಿತು. ಪೂರ್ತಿ ಶೀಟ್ ತೆಗೆಯುವಾಗ ಫೋನ್ ತೀರಾ ಹತ್ತಿರ ಹಿಡಿಯಬೇಡಿ, ಚೌಕ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ದೂರ ನಿಂತು ಜೂಮ್ ಮಾಡಿ.

ಯಾವುದನ್ನು ಕಳಿಸುವುದು ಅಂತ ಕೇಳಿದಿರಿ. ಮೂರನೆಯದು. ಎರಡನೇ ಮಾತಿಲ್ಲ.

ತಳ್ಳುಗಾಡಿಯ ಬೀದಿ ಬಗ್ಗೆ ಸ್ವಲ್ಪ ಕಟುವಾಗಿ ಹೇಳುತ್ತೇನೆ. ನೀವು ಒಂಬತ್ತು ಬಣ್ಣ ಕೂದಲೆಳೆಯಷ್ಟೂ ಜರುಗದಂತೆ ಕೂರಿಸಿರುತ್ತೀರಿ, ನಂಬುತ್ತೇನೆ. ಆದರೆ ಅದೇ ಚಿತ್ರವನ್ನು ಜಲವರ್ಣದಲ್ಲೂ ಮಾಡಬಹುದು. ಚಿತ್ರಸಂತೆಯಲ್ಲಿ ಪೇಟೆ ಬೀದಿಗಳನ್ನು ಎಷ್ಟು ನೋಡಿಲ್ಲ ನಾವು! ಬರೀ ಸ್ಕ್ರೀನ್ ಪ್ರಿಂಟಿನ ಪ್ರದರ್ಶನ ಅಂದಾಗ ಜ್ಯೂರಿ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಓಡುತ್ತಿರುತ್ತದೆ. ಇದನ್ನು ಮೆಶ್ಶಿನಿಂದ ಇಳಿಸಲೇಬೇಕಿತ್ತಾ? ಮೆರೂನ್ ಮೇಲೆ ಗೋಲ್ಡ್ ಅನ್ನುವುದು ಆ ಪ್ರಶ್ನೆಗೆ ಬಾಯಿ ಮುಚ್ಚಿಸುವ ಉತ್ತರ. ಗಾಢ ಬಣ್ಣದ ಕಾಗದದ ಮೇಲೆ ತಿಳಿ ಬಣ್ಣವನ್ನು ದಪ್ಪಗೆ, ಮುಚ್ಚಿಹೋಗುವ ಹಾಗೆ ಕೂರಿಸುವುದು ಆಫ್‌ಸೆಟ್ಟಿನ ತೆಳು ಇಂಕಿಗೆ ಆಗದ ಕೆಲಸ. ಲೋಹದ ತಗಡಿನಿಂದ ಎಚಿಂಗ್ ಪ್ರಿಂಟ್ ಮಾಡುವವರಿಗೂ ಆಗದು. ನಿಮ್ಮ ಬೀದಿಯವರು ದಿನಾ ಮಾಡುತ್ತಾರೆ. ಮಾರ್ಕೆಟ್ಟಿನ ಹೂವು ಮಧ್ಯದಲ್ಲಿದೆ. ಫ್ಲೋರೊಸೆಂಟ್ ಪಿಂಕ್ ಒಳ್ಳೆಯ ಯೋಚನೆ, ಆದರೆ ಆ ಬಣ್ಣ ಫೋನ್ ಪರದೆಯಲ್ಲಿ ಸತ್ತು ಬರುತ್ತದೆ. ಪರದೆ ತೋರಿಸಬಲ್ಲ ಬಣ್ಣಗಳ ಪಟ್ಟಿಯಲ್ಲೇ ಅದು ಇಲ್ಲ. ಅದನ್ನು ಕಳಿಸುವುದಾದರೆ ಮಾಧ್ಯಮ ಅನ್ನುವ ಜಾಗದಲ್ಲಿ "ಫ್ಲೋರೊಸೆಂಟ್ ಇಂಕ್" ಅಂತ ಬರೆಯಲು ಮರೆಯಬೇಡಿ. ಓದಿದವರು ಊಹಿಸಿಕೊಳ್ಳುತ್ತಾರೆ.

ಗೋಲ್ಡಿನ ಸಾಲಿನದೇ ಇನ್ನೂ ಎರಡು ಇದ್ದರೆ ಅವನ್ನೂ ಸೇರಿಸಿ ಮೂರು ಕಳಿಸಿ. ಇಲ್ಲದಿದ್ದರೆ ಒಂದೇ ಕಳಿಸಿ. ಮೂರು ಕಳಿಸಬಹುದು ಅಂದರೆ ಮೂರು ಕಳಿಸಲೇಬೇಕು ಅಂತಲ್ಲ.

ಹಾಳೆ ಹುಚ್ಚಿ ಅವರೇ, ಟ್ರಯಲ್ ಹಾಳೆಗಳು ನನಗೂ ಇಷ್ಟ. ನನ್ನ ಮನೆಯಲ್ಲೂ ಒಂದು ಕಟ್ಟು ಇದೆ. ಆದರೆ ಪ್ರತಿ ಪ್ರಿಂಟ್ ಪ್ರದರ್ಶನಕ್ಕೂ ಅಂಥವು ಒಂದಿಷ್ಟು ಬರುತ್ತವೆ, ಜ್ಯೂರಿಗೆ ಅಭ್ಯಾಸ ಆಗಿಬಿಟ್ಟಿದೆ. ಒಂದೊಂದು ಹಾಳೆಯೂ ಬೇರೆ, ಹಾಗಾಗಿ ಎಡಿಷನ್ ನಿಯಮಕ್ಕೆ ಕೂರುವುದಿಲ್ಲ. ಮತ್ತೆ ಅದರ ಮೇಲೆ ನಿಜವಾದ ಮನೆಗಳ ಹೆಸರು, ವಿಳಾಸ, ಮೊಬೈಲ್ ನಂಬರ್ ಇರುತ್ತವೆ. ಯಾರದೋ ಮಗಳ ಮದುವೆಯ ಫೋನ್ ನಂಬರನ್ನು ಗೋಡೆಗೆ ತೂಗುಹಾಕುವುದು ಸರಿಯಾ?

ಇನ್ನು ನಂಬರ್. ಪೆನ್ಸಿಲ್ಲಿನಲ್ಲಿ, ಚಿತ್ರದ ಕೆಳಗೆ. ಎಡಕ್ಕೆ 3/15 ಹೀಗೆ, ಮಧ್ಯೆ ಹೆಸರು, ಬಲಕ್ಕೆ ಸಹಿ ಮತ್ತು ವರ್ಷ. ಕೆಳಗಿನದು ಒಟ್ಟು ಪ್ರತಿ, ಮೇಲಿನದು ಈ ಪ್ರತಿ. ನಿಮಗೆ ಅಂತ ಇಟ್ಟುಕೊಳ್ಳುವುದಕ್ಕೆ ಎ.ಪಿ. (ಆರ್ಟಿಸ್ಟ್ಸ್ ಪ್ರೂಫ್) ಅಂತ ಬರೆಯಿರಿ. ಸಾಮಾನ್ಯವಾಗಿ ಹತ್ತಕ್ಕೆ ಒಂದರಂತೆ. ಮೊದಲ ನಂಬರಿಗೆ ಬೆಲೆ ಜಾಸ್ತಿ ಅಂತ ಕೆಲವರು ತಲೆ ಕೆಡಿಸಿಕೊಳ್ಳುತ್ತಾರೆ. ಡ್ರೈಪಾಯಿಂಟಿನಲ್ಲಿ ಅದಕ್ಕೆ ಅರ್ಥ ಇದೆ. ತಾಮ್ರದ ಮೇಲೆ ಸೂಜಿ ಎಬ್ಬಿಸಿದ ಅಂಚು ಪ್ರೆಸ್ಸಿನಡಿ ಬೇಗ ಸವೆಯುತ್ತದೆ, ಮೊದಲ ಪ್ರತಿಗಳೇ ಚೆನ್ನಾಗಿರುತ್ತವೆ. ನಮ್ಮ ಸ್ಟೆನ್ಸಿಲ್ ಹದಿನೈದಕ್ಕೆಲ್ಲ ಸವೆಯುವುದಿಲ್ಲ. ನೀವು ಸಾವಿರ ಕಾರ್ಡ್ ಎಳೆಯುವವರು, ನಿಮಗೆ ಹೇಳಬೇಕಾ.

ಆದರೆ ಒಂದು ವಿಷಯದಲ್ಲಿ ಗಟ್ಟಿಯಾಗಿರಿ. 15 ಅಂತ ಬರೆದರೆ 15. ಗೋಲ್ಡಿಗೆ ಗಿರಾಕಿ ಸಿಕ್ಕರು ಅಂತ ಮುಂದಿನ ವರ್ಷ ಮತ್ತೆ ಹತ್ತು ಎಳೆಯುವ ಹಾಗಿಲ್ಲ. ಕಲ್ಲಿನ ಮೇಲೆ ಬಿಡಿಸಿ ಲಿತೊ ಪ್ರಿಂಟ್ ಮಾಡುವವರು ಎಡಿಷನ್ ಮುಗಿದ ಮೇಲೆ ಕಲ್ಲನ್ನು ಉಜ್ಜಿಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ನಾವೂ ಸ್ಕ್ರೀನ್ ತೊಳೆಯುತ್ತೇವೆ, ಆದರೆ ಸ್ಕ್ರೀನಿಗೆ ಇಳಿಸುವ ಚಿತ್ರದ ಪಾಸಿಟಿವ್ ಫಿಲ್ಮ್ ಕಪಾಟಿನಲ್ಲೇ ಇರುತ್ತದೆ, ಫೈಲ್ ಕಂಪ್ಯೂಟರಿನಲ್ಲೇ ಇರುತ್ತದೆ. ನಾಳೆ ಬೆಳಗ್ಗೆ ಮತ್ತೆ ಎಕ್ಸ್‌ಪೋಸ್ ಮಾಡಬಹುದು. ಅದಕ್ಕೇ ನಾನು ಎಡಿಷನ್ ಪುಸ್ತಕ ಇಟ್ಟಿದ್ದೇನೆ. ಯಾವ ಪ್ರತಿ ಯಾರ ಹತ್ತಿರ ಇದೆ, ಯಾವುದು ಹಾಳಾಗಿ ಹರಿದೆ, ಎಲ್ಲ ಬರೆದಿರುತ್ತದೆ. ನಿಮ್ಮ ಬಿಲ್ ಬುಕ್ಕೇ ಸಾಕು.

1960ರಲ್ಲಿ ವಿಯೆನ್ನಾದಲ್ಲಿ ಕಲಾವಿದರ ಅಂತರರಾಷ್ಟ್ರೀಯ ಸಮ್ಮೇಳನ ಸೇರಿ ಈ ನಿಯಮವನ್ನು ಬರೆದಿಟ್ಟಿತು. ಮೂಲ ಪ್ರಿಂಟ್ ಅನ್ನಿಸಿಕೊಳ್ಳಲು ಸಹಿ ಬೇಕು, ಒಟ್ಟು ಎಷ್ಟು ಅನ್ನುವುದು ಬೇಕು, ಇದು ಎಷ್ಟನೆಯದು ಅನ್ನುವುದು ಬೇಕು ಅಂತ. ನಮ್ಮ ದೇಶದಲ್ಲಿ ಇದು ಇನ್ನೂ ಮುಖ್ಯ. ಇಲ್ಲಿ ಸೆರಿಗ್ರಾಫ್ (ಕಲಾಕೃತಿಯಾಗಿ ಮಾಡಿದ ಸ್ಕ್ರೀನ್ ಪ್ರಿಂಟ್) ಅಂದ ತಕ್ಷಣ ಜನರಿಗೆ ನೆನಪಾಗುವುದು ಹುಸೇನ್, ರಝಾ ಅವರ ಪೇಂಟಿಂಗ್‌ಗಳನ್ನು ನೋಡಿ ಸ್ಟುಡಿಯೋದವರು ಹತ್ತಾರು ಬಣ್ಣದಲ್ಲಿ ಇಳಿಸಿದ ಪ್ರತಿಗಳು. ಅದೂ ದೊಡ್ಡ ಕೈಚಳಕವೇ. ಆದರೆ ಅಲ್ಲಿ ಚಿತ್ರ ಮೊದಲೇ ಇತ್ತು, ಸ್ಕ್ರೀನ್ ಆಮೇಲೆ ಬಂತು. ನಿಮ್ಮ ಗೋಲ್ಡ್ ಶೀಟಿಗೆ ಹಿಂದೆ ಯಾವ ಪೇಂಟಿಂಗೂ ಇಲ್ಲ. ಅದನ್ನು ಅರ್ಜಿಯಲ್ಲಿ ಒಂದು ಸಾಲಿನಲ್ಲಿ ಹೇಳಿಬಿಡಿ.

ಅಂಗಡಿ ವಿಷಯ ಮುಚ್ಚಿಡಬೇಡಿ. ಅದರ ಬಗ್ಗೆ ಬೇಕಾದರೆ ಇನ್ನೊಮ್ಮೆ ಬರೆಯುತ್ತೇನೆ. ಟೀ ಮುಗಿಯಿತು.

ರೇಖೆ ಸಾಕು:

ಮೆಶ್ಶಮ್ಮ ಅವರ ಮಾತು ಒಪ್ಪುತ್ತೇನೆ, ಒಂದು ಬಿಟ್ಟು. ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಚುಕ್ಕಿ ಮಾಡಿ, ಫಿಲ್ಮ್ ತೆಗೆಸಿ, ಎಳೆದರೆ ಅದು ಪೋಸ್ಟರ್. ಅದನ್ನು ಕಲಾ ಪ್ರದರ್ಶನಕ್ಕೆ ಯಾಕೆ ಸೇರಿಸಬೇಕು? ಕೈಯಲ್ಲಿ ಬಿಡಿಸಿ ಸ್ಟೆನ್ಸಿಲ್ ಕತ್ತರಿಸಿದವರಿಗೂ ಇವರಿಗೂ ವ್ಯತ್ಯಾಸ ಬೇಡವಾ? ಮತ್ತೆ ಅಂಗಡಿ ಕೆಲಸ ಅಂಗಡಿ ಕೆಲಸವೇ. ಸಿಟ್ಟು ಬೇಡ.

ಮೆಶ್ಶಮ್ಮ:

ಸಿಟ್ಟು ಬಂದಿದೆ, ಆದರೂ ನಿಧಾನವಾಗಿ ಹೇಳುತ್ತೇನೆ.

ಸ್ಕ್ರೀನ್ ಪ್ರಿಂಟ್ ಹುಟ್ಟಿದ್ದೇ ಅಂಗಡಿಯಲ್ಲಿ. ರೇಷ್ಮೆ ಬಟ್ಟೆ ಬಿಗಿದು ಪ್ರಿಂಟ್ ಮಾಡುವ ವಿಧಾನಕ್ಕೆ 1907ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಪೇಟೆಂಟ್ ತಗೊಂಡ ಸ್ಯಾಮುಯೆಲ್ ಸೈಮನ್ ಕಲಾವಿದ ಅಂತ ಹೆಸರಾದವನಲ್ಲ. ಆಮೇಲೆ ಬಹಳ ಕಾಲ ಬೋರ್ಡು, ಬ್ಯಾನರು, ಬಟ್ಟೆಯ ಕೆಲಸವೇ ಇದರಲ್ಲಿ ನಡೆದದ್ದು. 1930ರ ದಶಕದ ಕೊನೆಗೆ ನ್ಯೂಯಾರ್ಕಿನಲ್ಲಿ ಸರ್ಕಾರದ ಉದ್ಯೋಗ ಯೋಜನೆಯಡಿ ಆಂಥನಿ ವೆಲೊನಿಸ್ ಇದನ್ನು ಕಲಾವಿದರ ಕೈಗೆ ಕೊಟ್ಟರು. ವೆಲೊನಿಸ್‌ಗೆ ಈ ಕೆಲಸ ಬಂದದ್ದೂ ವ್ಯಾಪಾರಿ ಪ್ರಿಂಟಿಂಗಿನಿಂದಲೇ.

ಲಂಡನ್ನಿನ ಕೆಲ್‌ಪ್ರಾ ಸ್ಟುಡಿಯೋ ಬಗ್ಗೆ ಓದಿ. ಕ್ರಿಸ್ ಪ್ರೇಟರ್ ಅನ್ನುವವರು ಹೆಂಡತಿ ರೋಸ್ ಜೊತೆ 1950ರ ದಶಕದ ಕೊನೆಯಲ್ಲಿ ಶುರು ಮಾಡಿದ್ದು. ಪೋಸ್ಟರ್ ಪ್ರಿಂಟ್ ಮಾಡುವ ಚಿಕ್ಕ ಜಾಗ. ಅದೇ ಜಾಗದಲ್ಲಿ 1965ರಲ್ಲಿ ಕಲಾವಿದ ಎಡ್ವರ್ಡೊ ಪಾವೊಲೊಟ್ಸಿಯ "ಆಸ್ ಈಸ್ ವೆನ್" ಅನ್ನುವ 12 ಪ್ರಿಂಟುಗಳ ಸರಣಿ ಬಂತು. ಕತ್ತರಿಸಿ ಅಂಟಿಸಿದ ಚಿತ್ರಗಳನ್ನು ಪಾವೊಲೊಟ್ಸಿ ಕೊಟ್ಟರು. ಅದನ್ನು ಪ್ರೇಟರ್ ಕೈಸ್ಟೆನ್ಸಿಲ್, ಫೋಟೋ ಸ್ಟೆನ್ಸಿಲ್ ಎರಡನ್ನೂ ಬಳಸಿ ಬಣ್ಣಬಣ್ಣವಾಗಿ ಬೇರ್ಪಡಿಸಿದರು. ಈಗ ಕೆಲ್‌ಪ್ರಾದಲ್ಲಿ ಎಳೆದ ಪ್ರಿಂಟುಗಳು ಬ್ರಿಟನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿವೆ. ಅಮೆರಿಕದ ಕಲಾವಿದ ವಾರ್ಹಾಲ್ 1962ರಲ್ಲಿ ನಟಿ ಮರ್ಲಿನ್ ಮನ್ರೋ ಚಿತ್ರಗಳನ್ನು ಮಾಡಿದಾಗಲೂ ಫೋಟೋದಿಂದ ಸ್ಕ್ರೀನ್ ಮಾಡಿಕೊಟ್ಟದ್ದು ವ್ಯಾಪಾರಿ ಅಂಗಡಿಯವರು. ನಮ್ಮ ಸುಲ್ತಾನ್‌ಪೇಟೆಯವರ ಥರದವರೇ.

ಹಾಗಾಗಿ ಫೋಟೋ ಅನ್ನುವ ಕಾರಣಕ್ಕೇ ಬೇಡ ಅನ್ನುವ ವಾದ ಮುಗಿದು ಬಹಳ ವರ್ಷ ಆಯಿತು. ನೋಡಬೇಕಾದದ್ದು ಚುಕ್ಕಿಗಳನ್ನು ಏನು ಮಾಡಿದ್ದಾರೆ ಅನ್ನುವುದು. ಸುಮ್ನೆ ಫೋಟೋ ಕಾಣಲಿ ಅಂತ ಚುಕ್ಕಿ ಹಾಕಿದ್ದರೆ ನಿಮ್ಮ ಮಾತು ಸರಿ, ಅದಕ್ಕೆ ಡಿಜಿಟಲ್ ಪ್ರಿಂಟರ್ ಸಾಕು. ಚುಕ್ಕಿ ಬೇಕಂತಲೇ ದಪ್ಪ ಮಾಡಿ, ಪಿಂಕ್ ಚುಕ್ಕಿ ಹಳದಿ ಮೇಲೆ ಬಿದ್ದಾಗ ಹೊಸ ಬಣ್ಣ ಹುಟ್ಟುವುದನ್ನು ತೋರಿಸಿದರೆ ಅದು ಬೇರೆ ಆಟ. ನಮ್ಮಲ್ಲೂ ಪ್ರಿಂಟಿಗೆ ಅಂತಲೇ ವೇದಿಕೆಗಳಿವೆ. ಭೋಪಾಲದ ಭಾರತ್ ಭವನದಲ್ಲಿ 1989ರಲ್ಲಿ ಅಂತರರಾಷ್ಟ್ರೀಯ ಪ್ರಿಂಟ್ ಬಿಯೆನಾಲೆ (ಎರಡು ವರ್ಷಕ್ಕೊಮ್ಮೆಯ ಪ್ರದರ್ಶನ) ಶುರುವಾಯಿತು. ಲಲಿತಕಲಾ ಅಕಾಡೆಮಿ 2018ರಲ್ಲಿ ದೆಹಲಿಯಲ್ಲಿ ತನ್ನ ಮೊದಲ ಪ್ರಿಂಟ್ ಬಿಯೆನಾಲೆ ಮಾಡಿತು. ಆದರೆ ಅಂಥ ಕಡೆ ಎಚಿಂಗ್, ವುಡ್‌ಕಟ್, ಲಿತೊ ಎಲ್ಲದರ ಜೊತೆ ಸ್ಕ್ರೀನ್ ಪ್ರಿಂಟ್ ಒಂದು ಮೂಲೆ ಹಿಡಿದು ಕೂರಬೇಕು. ಬರೀ ಸ್ಕ್ರೀನಿಗೇ ಒಂದು ಗೋಡೆ ಸಿಗುತ್ತಿದೆ ಅಂದರೆ ಕಾರ್ಡ್ ಅಂಗಡಿಯವರು ಒಳಗೆ ಬರಲಿ ಬಿಡಿ.

ಸ್ಕ್ವೀಜಿ ಅವರೇ, ಅರ್ಜಿಯಲ್ಲಿ ಪರಿಚಯ ಅನ್ನುವ ಕಡೆ ನೀವು ಇಲ್ಲಿ ಬರೆದ ಮೊದಲ ಪ್ಯಾರಾವನ್ನೇ ಹಾಕಿ. "ಪರಂಪರೆ ಮತ್ತು ಆಧುನಿಕತೆಯ ಸಂಘರ್ಷ" ಅಂತೆಲ್ಲ ಬರೆಯಲು ಹೋಗಬೇಡಿ. ಅಂಥದ್ದನ್ನು ಓದಿ ಓದಿ ಜ್ಯೂರಿಯವರ ಕಣ್ಣು ಮುಚ್ಚುತ್ತಿರುತ್ತದೆ.

ಸುಲ್ತಾನ್‌ಪೇಟೆ ಸ್ಕ್ವೀಜಿ:

ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಗೋಲ್ಡಿನ ಸಾಲಿನದೇ ಇನ್ನೊಂದು ಅರ್ಧ ಆಗಿದೆ, ಹಸಿರು ಬೋರ್ಡಿನ ಮೇಲೆ. ಅದನ್ನೂ ಮುಗಿಸುತ್ತೇನೆ. "ಅಂಗಡಿ ಕೆಲಸ" ಅಂದವರಿಗೆ ನನ್ನ ಕಡೆಯಿಂದ ಏನೂ ಇಲ್ಲ, ಅಮ್ಮ ಇನ್ನೂ ಜೋರಾಗಿ ಹೇಳುತ್ತಾರೆ.

ಒಂದು ತಾಂತ್ರಿಕ ಅನುಮಾನ. ನಾವು ಕಾರ್ಡಿಗೆ ಹಾಕುವುದು ಗೋಲ್ಡ್ ಪೌಡರ್, ಮೀಡಿಯಮ್ಮಿನಲ್ಲಿ ಕಲಸಿ. ಹೊಸದರಲ್ಲಿ ಬೆಂಕಿಯ ಹಾಗೆ ಹೊಳೆಯುತ್ತದೆ. ಅಪ್ಪನ ಕಾಲದ ಸ್ಯಾಂಪಲ್ ಆಲ್ಬಮ್ ತೆಗೆದು ನೋಡಿದರೆ ಕಂದು ಬಣ್ಣಕ್ಕೆ ತಿರುಗಿವೆ, ಕೈಗೆ ಪುಡಿ ಹತ್ತುತ್ತದೆ. ಕಾರ್ಡಿಗೆ ಪರವಾಗಿಲ್ಲ, ಮದುವೆ ಮುಗಿದ ಮೇಲೆ ಯಾರು ನೋಡುತ್ತಾರೆ. ಗ್ಯಾಲರಿಯಲ್ಲಿ ದುಡ್ಡು ಕೊಟ್ಟು ತಗೊಂಡವರು ಕೇಳುತ್ತಾರಲ್ಲ?

ಎರಡನೆಯದು, ಬೆಲೆ. ನಮಗೆ ಗೊತ್ತಿರುವುದು ನೂರು ಕಾರ್ಡಿಗೆ ಇಷ್ಟು ಅನ್ನುವ ಲೆಕ್ಕ ಮಾತ್ರ.

ಮೆಶ್ಶಮ್ಮ:

ಇದು ಒಳ್ಳೆಯ ಪ್ರಶ್ನೆ.

ಪೇಟೆಯಲ್ಲಿ ಸಿಗುವ ಗೋಲ್ಡ್ ಪೌಡರಿನಲ್ಲಿ ಚಿನ್ನ ಇಲ್ಲ. ತಾಮ್ರ, ಸತು ಸೇರಿಸಿದ ಪುಡಿ ಅದು. ಗಾಳಿ, ತೇವ ಸೋಕಿದರೆ ತಾಮ್ರ ಕಪ್ಪಾಗುತ್ತದೆ. ಹಿತ್ತಾಳೆ ದೀಪ ಹುಣಸೆಹಣ್ಣು ಕಾಣದಿದ್ದರೆ ಏನಾಗುತ್ತದೆ, ಅದೇ. ಕಾಗದದಲ್ಲಿ ಆಮ್ಲ ಇದ್ದರೆ ಇನ್ನೂ ಬೇಗ. ಇದಕ್ಕೆ ದಾರಿ ಇದೆ. ಅಭ್ರಕದ ಪುಡಿಯ ಮೇಲೆ ಬಣ್ಣದ ಲೇಪ ಕೊಟ್ಟು ಮಾಡಿದ ಗೋಲ್ಡ್ ಸಿಗುತ್ತದೆ, ಪರ್ಲ್ ಪಿಗ್ಮೆಂಟ್ ಅಂತ ಕೇಳಿ. ಅದು ಕಪ್ಪಾಗುವುದಿಲ್ಲ. ಹೊಳಪು ಸ್ವಲ್ಪ ಮೆತ್ತಗೆ, ಲೋಹದ ಆ ಚುರುಕು ಇರುವುದಿಲ್ಲ.

ನಾನಾದರೆ ಎರಡನ್ನೂ ಬಳಸುತ್ತೇನೆ. ನೀವು ಹೇಗೂ ಗೋಲ್ಡ್ ಮೇಲೆ ಗೋಲ್ಡ್ ಎಳೆಯುತ್ತಿದ್ದೀರಿ. ಕೆಳಗಿನ ಪದರ ಅಭ್ರಕದ್ದು, ಮೇಲಿನ ತೆಳು ಬಾರ್ಡರ್ ಮಾತ್ರ ಪೌಡರಿನದು. ಅದರ ಮೇಲೆ ಪಾರದರ್ಶಕ ವಾರ್ನಿಷ್ ಒಂದು ಎಳೆತ. ಪುಡಿ ಉದುರುವುದು ನಿಲ್ಲುತ್ತದೆ, ಕಪ್ಪಾಗುವುದು ನಿಧಾನ ಆಗುತ್ತದೆ. ಮುಂದೆ ಮೇಲಿನ ಬಾರ್ಡರ್ ಕಂದಾದರೂ ಕೆಳಗಿನದು ಹೊಳೆಯುತ್ತಲೇ ಇರುತ್ತದೆ. ನಿಮ್ಮ ಚಿತ್ರಕ್ಕೆ ಅದು ಒಪ್ಪುತ್ತದೆ ಅಂತ ನನಗನ್ನಿಸುತ್ತದೆ. ಮಾಧ್ಯಮದ ಜಾಗದಲ್ಲಿ ಏನು ಹಾಕಿದ್ದೀರಿ ಅನ್ನುವುದನ್ನು ಹಾಗೇ ಬರೆಯಿರಿ. ತಗೊಳ್ಳುವವರಿಗೆ ಗೊತ್ತಿರಲಿ.

ಪೌಡರಿಗೆ ದೊಡ್ಡ ಕಣ್ಣಿನ ಮೆಶ್ಶೇ ಬೇಕು, ನಿಮಗೆ ಗೊತ್ತು. ಹೂವಿನ ಹಾಫ್‌ಟೋನಿಗೆ ಲೆಕ್ಕ ಬೇರೆ. ಇಂಚಿಗೆ ಎಷ್ಟು ಲೈನ್ ಚುಕ್ಕಿ ಇದೆಯೋ ಅದರ ನಾಲ್ಕೈದು ಪಟ್ಟು ಮೆಶ್ಶಿನ ಎಳೆ ಇರಬೇಕು. 45 ಲೈನಿಗೆ 200ರ ಆಸುಪಾಸು. ಇಲ್ಲದಿದ್ದರೆ ಚುಕ್ಕಿಯೂ ಎಳೆಯೂ ಜಗಳ ಆಡಿ ಅಲೆಅಲೆ ಬರುತ್ತದೆ, ಜ್ಯೂರಿ ಅದನ್ನು ಎಷ್ಟು ದೂರದಿಂದಲೂ ಕಾಣುತ್ತಾರೆ.

ಕಾಗದ! ಹೇಳುವುದನ್ನೇ ಬಿಟ್ಟಿದ್ದೆ. ಕಾರ್ಡ್ ಬೋರ್ಡ್ ಮೇಲೆ ಎಡಿಷನ್ ಮಾಡಬೇಡಿ. ಬಣ್ಣ ಬಿಸಿಲಿಗೆ ಹಾರುತ್ತದೆ, ಆಮ್ಲ ಇರುತ್ತದೆ. 250ರಿಂದ 300 ಜಿ.ಎಸ್.ಎಂ. (ಚದರ ಮೀಟರಿಗೆ ಗ್ರಾಂ) ತೂಕದ ಹತ್ತಿಯ ಕಾಗದ ತಗೊಂಡು, ಮೆರೂನ್ನೂ ನೀವೇ ಪೂರ್ತಿ ಫ್ಲ್ಯಾಟ್, ಅಂದರೆ ಒಂದೇ ಬಣ್ಣದ ಪದರವಾಗಿ ಎಳೆಯಿರಿ. ಕಷ್ಟ, ಗೊತ್ತು. ಅಷ್ಟು ದೊಡ್ಡ ಫ್ಲ್ಯಾಟಿನಲ್ಲಿ ಸ್ಕ್ವೀಜಿ ಗುರುತು ಬರದಂತೆ ಎಳೆಯುವುದೇ ಒಂದು ಪರೀಕ್ಷೆ. ಆದರೆ ಎರಡನೇ ಸುತ್ತಿನಲ್ಲಿ ಜ್ಯೂರಿ ಶೀಟ್ ಕೈಗೆತ್ತಿಕೊಂಡು ಕಿಟಕಿ ಕಡೆ ವಾಲಿಸಿ ನೋಡುತ್ತಾರೆ. ಪ್ರಿಂಟ್ ಮಾಡುವವರು ಜ್ಯೂರಿಯಲ್ಲಿದ್ದರೆ ಹಿಂದಕ್ಕೂ ತಿರುಗಿಸುತ್ತಾರೆ. ಮಾರ್ಜಿನ್ನಿನಲ್ಲಿ ಗೋಲ್ಡ್ ಬೆರಳಚ್ಚು ಇದ್ದರೆ ನಿಮ್ಮ ಕಥೆ ಮುಗಿಯಿತು. ಒಬ್ಬರು ಎಳೆಯಲಿ, ಇನ್ನೊಬ್ಬರು ಶುದ್ಧ ಕೈಯಲ್ಲಿ ಕಾಗದ ಹಿಡಿಯಲಿ. ಕಾಗದವನ್ನು ಒಂದು ದಿನ ಮೊದಲೇ ಪ್ರಿಂಟ್ ಮಾಡುವ ಕೋಣೆಯಲ್ಲಿ ಹರಡಿಡಿ. ನಮ್ಮ ಬೆಂಗಳೂರಿನ ಮಳೆಗಾಲದಲ್ಲಿ ಬೆಳಗ್ಗೆ ಎಳೆದ ಬಣ್ಣಕ್ಕೆ ಸಂಜೆಯ ಬಣ್ಣ ಕೂರುವುದಿಲ್ಲ, ಕಾಗದವೇ ಹಿಗ್ಗಿರುತ್ತದೆ. ಎಡಿಷನ್ನಿಗೆ ಬೇಕಾದ್ದಕ್ಕಿಂತ ಜಾಸ್ತಿ ಶೀಟಿನಿಂದ ಶುರು ಮಾಡಿ. ಪದರ ಪದರಕ್ಕೂ ಒಂದೆರಡು ಹೋಗುತ್ತವೆ.

ಬೆಲೆಯ ವಿಷಯದಲ್ಲಿ ನಾನು ದಡ್ಡಿ. ಚೌಕಟ್ಟು ಅವರು ಹೇಳಲಿ.

ಚೌಕಟ್ಟು:

ಕರೆದರು, ಬಂದೆ. ಮಲ್ಲೇಶ್ವರದಲ್ಲಿ ಫ್ರೇಮ್ ಅಂಗಡಿ, ಗ್ಯಾಲರಿಗಳ ಕೆಲಸ ಮಾಡುತ್ತೇನೆ.

ಬೆಲೆಗೆ ಮೊದಲು ಗ್ಯಾಲರಿ ಎಷ್ಟು ಶೇಕಡಾ ತಗೊಳ್ಳುತ್ತದೆ ಕೇಳಿ. 30ರಿಂದ 50ರವರೆಗೆ ಇರುತ್ತದೆ. ಕಾಗದ, ಇಂಕ್, ಹಾಳಾದ ಶೀಟು, ನಿಮ್ಮ ದಿನಗೂಲಿ, ಇವನ್ನೆಲ್ಲ ಕೂಡಿಸಿ ಎಡಿಷನ್ ಸಂಖ್ಯೆಯಿಂದ ಭಾಗಿಸಿ. ಅದು ನಿಮ್ಮ ಅಸಲು. ಗ್ಯಾಲರಿ ಪಾಲು ಹೋದ ಮೇಲೂ ಅದರ ಮೇಲೆ ಏನಾದರೂ ಉಳಿಯಬೇಕು. ಒಂದು ಎಡಿಷನ್ನಿನ ಎಲ್ಲ ಪ್ರತಿಗೂ ಒಂದೇ ಬೆಲೆ ಇಡಿ. ಅಂಗಡಿಗೆ ಬಂದವರಿಗೆ ಕಡಿಮೆ, ಗ್ಯಾಲರಿಯಲ್ಲಿ ಜಾಸ್ತಿ ಅಂತ ಮಾಡಬೇಡಿ, ಗ್ಯಾಲರಿಯವರು ಮತ್ತೆ ಕರೆಯುವುದಿಲ್ಲ. ಕೊನೆಯ ಕೆಲವು ಪ್ರತಿ ಉಳಿದಾಗ ಬೆಲೆ ಏರಿಸುವುದು ರೂಢಿಯಲ್ಲಿದೆ.

ಫ್ರೇಮ್ ಈಗಲೇ ಮಾಡಿಸಬೇಡಿ, ಆಯ್ಕೆ ಆದ ಮೇಲೆ ಸಾಕು. ಮಾಡಿಸುವಾಗ ಹಿಂದೆ ಸೆಲೋಟೇಪ್ ಬೇಡವೇ ಬೇಡ. ಗೋಧಿ ಗಂಜಿ, ತೆಳು ಜಪಾನಿ ಕಾಗದದ ಕೀಲು ಹಾಕಿ ಮೇಲಿನಿಂದ ತೂಗುಬಿಡಬೇಕು. ಗಾಜು ಇಂಕಿಗೆ ತಾಗಬಾರದು, ನಿಮ್ಮ ಗೋಲ್ಡ್ ಪೌಡರ್ ಅಂತೂ ಗಾಜಿಗೇ ಅಂಟಿ ಬರುತ್ತದೆ. ಮಧ್ಯೆ ಸಂದು ಇರಲಿ. ಫ್ಲೋರೊಸೆಂಟ್ ಇರುವುದಕ್ಕೆ ಯು.ವಿ. ತಡೆಯುವ ಗಾಜು ಕೇಳಿ. ಆ ಬಣ್ಣ ಬೆಳಕಿಗೆ ಬೇಗ ಪೇಲವ ಆಗುತ್ತದೆ.

ಬೇಸರದ ಕುಂಚ:

ಎರಡು ಡಬ್ಬಿ ಇಂಕ್ ಅಂತ ನಾನು ಹೇಳಿದ್ದೆ. ಇಷ್ಟೆಲ್ಲ ಓದಿದ ಮೇಲೆ ಹತ್ತು ಡಬ್ಬಿ ಬೇಕು ಅನ್ನಿಸುತ್ತಿದೆ. ಆದರೂ ಆ ಗೋಲ್ಡ್ ಶೀಟ್ ನೋಡಬೇಕು ಅಂತ ಆಸೆ ಆಗಿದೆ. ಫೋಟೋ ಹಾಕಿ.

ಸುಲ್ತಾನ್‌ಪೇಟೆ ಸ್ಕ್ವೀಜಿ:

ಹತ್ತಿ ಕಾಗದಕ್ಕೆ ಅವೆನ್ಯೂ ರೋಡಿನಲ್ಲಿ ವಿಚಾರಿಸುತ್ತೇನೆ. ಇಲ್ಲಿನ ಹೋಲ್‌ಸೇಲಿನವರ ಹತ್ತಿರ ಬರೀ ಬೋರ್ಡೇ. ಮೆರೂನ್ ಫ್ಲ್ಯಾಟಿಗೆ ನಮ್ಮಲ್ಲಿರುವ ಸ್ಕ್ವೀಜಿ ಸಾಲದು, 24 ಇಂಚಿನದು ಮಾಡಿಸಬೇಕು. ರಬ್ಬರು ಎಷ್ಟು ಗಟ್ಟಿ ಇರಲಿ?

ಫೋಟೋ ಈಗ ಬೇಡ. ಮುಗಿದ ಮೇಲೆ ಹಾಕುತ್ತೇನೆ.

ಮೆಶ್ಶಮ್ಮ:

ಫ್ಲ್ಯಾಟಿಗೆ 65 ಶೋರ್ ಆಸುಪಾಸಿನದು, ಮಧ್ಯಮ. ಸಣ್ಣ ಬಾರ್ಡರಿಗೆ 75. ಅಂಚು ಚೂಪಾಗಿರಲಿ. ಕಾರ್ಡಿಗೆ ಉಜ್ಜಿ ಉಜ್ಜಿ ದುಂಡಾದ ರಬ್ಬರ್ ಇದ್ದರೆ ಬದಲಾಯಿಸಿ. ಸ್ಕ್ರೀನಿಗೂ ಕಾಗದಕ್ಕೂ ಮಧ್ಯೆ ಎರಡು ಮೂರು ಮಿಲಿಮೀಟರ್ ಅಂತರ ಬಿಡಿ. ಎಳೆದ ಹಿಂದೆಯೇ ಮೆಶ್ ಕಾಗದದಿಂದ ಏಳಬೇಕು, ಇಲ್ಲದಿದ್ದರೆ ದೊಡ್ಡ ಫ್ಲ್ಯಾಟಿನಲ್ಲಿ ಕಾಗದ ಅಂಟಿಕೊಂಡು ಮಚ್ಚೆ ಬೀಳುತ್ತದೆ. ನೀರಿನ ಇಂಕ್ ಬಳಸಿದರೆ ರಿಟಾರ್ಡರ್ ಹಾಕಿ. ಈ ಬಿಸಿಲಿಗೆ ಅರ್ಧ ಎಳೆಯುವಷ್ಟರಲ್ಲಿ ಮೆಶ್ಶಿನಲ್ಲೇ ಒಣಗುತ್ತದೆ.

ಎಕ್ಸ್‌ಪೋಸ್ ಮಾಡುವ ಮೊದಲು ಸ್ಕ್ರೀನಿಗೆ ಹಚ್ಚುವ ಕೋಟಿಂಗಿಗೆ ಇನ್ನೂ ಬೈಕ್ರೊಮೇಟ್ ಕಲಸುತ್ತಿದ್ದರೆ ಗ್ಲೌಸ್ ಹಾಕಿಕೊಳ್ಳಿ. ಪ್ರದರ್ಶನ ಬರುತ್ತದೆ ಹೋಗುತ್ತದೆ, ಅದರಲ್ಲಿರುವ ಕ್ರೋಮಿಯಂ ಚರ್ಮದೊಳಗೆ ಇಳಿದರೆ ತೊಂದರೆ. ಅದರ ಬದಲು ಡಯಾಜೊ ಅಥವಾ ರೆಡಿ ಫೋಟೊಪಾಲಿಮರ್ ಕೋಟಿಂಗ್ ತಗೊಳ್ಳಿ, ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ.

ಮೊದಲ ಎರಡು ಶೀಟ್ ಆದ ಮೇಲೆ ನನಗೆ ಮೆಸೇಜ್ ಮಾಡಿ. ಶನಿವಾರ ಮಧ್ಯಾಹ್ನ ಚಿತ್ರಕಲಾ ಪರಿಷತ್ತಿನ ಕಡೆ ಇರುತ್ತೇನೆ, ಅಲ್ಲಿ ಮರದ ಕೆಳಗೆ ಒಳ್ಳೆಯ ಬೆಳಕು ಇದೆ. ಶೀಟ್ ಸುತ್ತಿಕೊಂಡು ಬರಬೇಡಿ, ಗೋಲ್ಡ್ ಬಿರಿಯುತ್ತದೆ. ಎರಡು ಬೋರ್ಡಿನ ಮಧ್ಯೆ ಚಪ್ಪಟೆ ಇಟ್ಟು ತನ್ನಿ. ಬಸ್ಸಿನಲ್ಲಿ ಕಷ್ಟ, ಆಟೋ ಮಾಡಿ.